ಬಲಗಡೆಯ ಕನ್ನಡಿ

ಅಕ್ಟೋಬರ್ 21, 2023. ಶನಿವಾರ, ಬೆಳಿಗ್ಗೆ 9

ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು ಐದು ನಿಮಿಷ ಮುಚ್ಚಿ ಕೂತೆ. ಕಾಫಿ ಆರಿತು. ಮತ್ತೆ ಲ್ಯಾಪ್‌ಟಾಪ್ ತೆರೆದು ಕಾರ್ ಕವರ್‌ಗಳನ್ನೇ ನೋಡಿದೆ. ನಿನ್ನೆಯಿಂದ ಇದೇ ಕೆಲಸ. ಎಷ್ಟು ಬಗೆ... ಒಂದು ಪದರದ್ದು, ಐದು ಪದರದ್ದು, ಬಿಸಿಲಿಗೆ, ಮಳೆಗೆ, ಹಿಮಕ್ಕೆ. ನೀರು ಒಳಗೆ ಬಿಡಬಾರದು, ಆದರೆ ಒಳಗಿನ ತೇವ ಹೊರಗೆ ಹೋಗಬೇಕಂತೆ. ಬರೀ ಪ್ಲಾಸ್ಟಿಕ್ ಆದರೆ ಬೆವರು ಕಟ್ಟಿ ಪೇಂಟ್ ಹಾಳಾಗುತ್ತದೆ ಎಂದು ಒಬ್ಬ ಬರೆದಿದ್ದಾನೆ. ನನಗೆ ಪೇಂಟ್‌ನ ಚಿಂತೆಯಿಲ್ಲ. ಬೇಗ ಬರಬೇಕು, ಅಷ್ಟೆ. ಸೋಮವಾರ ತಲುಪುತ್ತದೆ ಎಂದಿದ್ದ ಬೆಳ್ಳಿ ಬಣ್ಣದ್ದನ್ನು ಆರ್ಡರ್ ಮಾಡಿದೆ. ಎಲ್ಲ ಸೆಡಾನ್‌ಗೂ ಆಗುತ್ತದಂತೆ.

ಆದದ್ದು ಇಷ್ಟು. ಗುರುವಾರ ಹರ್ನ್‌ಡನ್‌ನಲ್ಲಿ ಗೆಳೆಯ ಸಿದ್ಧಲಿಂಗೇಶ್ ಮನೆಯಲ್ಲಿ ಊಟ. ಮಾತು ಬೆಳೆಯಿತು. ಹೊರಟಾಗ ಆರು ದಾಟಿತ್ತು. ಸಂಜೆಯಾದ ಮೇಲೆ ಡ್ರೈವ್ ಮಾಡುವುದಿಲ್ಲ ಎಂದು ಹೆಂಡತಿ ಶೀಲಾಗೆ ಮಾತು ಕೊಟ್ಟಿದ್ದೇನೆ. ಗ್ಲಾಕೋಮಾ — ಎರಡೂ ಕಣ್ಣಿನ ಅಂಚು ಮಸುಕು. ಅವಳು ಜಾರ್ಜಿಯಾದ ಅಲ್ಫರೆಟಾದಲ್ಲಿ, ಮಗಳು ತನ್ವಿಯ ಮಂಡಿ ಆಪರೇಷನ್‌ಗೆಂದು ಹೋಗಿ ತಿಂಗಳಾಯಿತು. ಇಲ್ಲಿ ವರ್ಜೀನಿಯಾದ ಆಲ್ಡಿಯಲ್ಲಿ ನಾನೊಬ್ಬನೇ. ನಮ್ಮ ಬೀದಿಗೆ ತಿರುಗಿದ ಮೇಲೆ ಬಲಗಡೆ ಏನೋ ತಾಗಿತು. ಶುಕ್ರವಾರ ಕಸದ ಗಾಡಿ ಬರುವ ದಿನ. ಎಲ್ಲರೂ ತೊಟ್ಟಿ ಹೊರಗಿಟ್ಟಿದ್ದರು. ಕಸದ ತೊಟ್ಟಿ. ನಿಲ್ಲಿಸಲಿಲ್ಲ. ಮನೆಗೆ ಬಂದು ನೋಡಿದರೆ ಬಲಗಡೆಯ ಕನ್ನಡಿ ಒಡೆದು ವೈರಿನಲ್ಲಿ ಜೋತುಬಿದ್ದಿತ್ತು.

ಗರಾಜಿನ ತುಂಬ ಮಗ ಗೌರವ್‌ನ ಹಳೆ ಮನೆಯ ಸಾಮಾನು. ಕಾರು ಹೊರಗೇ ನಿಲ್ಲಬೇಕು. ಹೋಗಿ ಬರುವವರ ಕಣ್ಣೆದುರು.

ಅಕ್ಟೋಬರ್ 23. ಸೋಮವಾರ, ಮಧ್ಯಾಹ್ನ

ಕವರ್ ಬಂತು. ಹಿಂದು ಮುಂದು ತಿಳಿಯದೆ ಎರಡು ಸಲ ಹಾಕಿ ತೆಗೆದೆ. ಮೂರನೆಯ ಸಲ ಸರಿಹೋಯಿತು. ಬಲಗಡೆ ಮುಚ್ಚಿದ ಮೇಲೆ ಉಸಿರು ಬಂತು. ಅಷ್ಟರಲ್ಲಿ ಮೆಹಬೂಬ್ ನಡೆದು ಬಂದ. ನಾಲ್ಕು ಮನೆ ಆಚೆ ತಾಯಿ, ಹೆಂಡತಿ ರುಕ್ಸಾರ್ ಜೊತೆ ಇರುವವನು, ಮೈಸೂರಿನವನು. ಸೋಮವಾರ ಆಫೀಸಿಗೆ ಹೋಗದೆ ಇರುವವನಲ್ಲ.

"ಪ್ರಸಾದ್ ಅಂಕಲ್, ಒಬ್ಬರೇ ಯಾಕೆ ಕಷ್ಟಪಡ್ತಿದ್ದೀರ? ಒಂದು ಟೆಕ್ಸ್ಟ್ ಮಾಡಿದ್ರೆ ಬರ್ತಿದ್ದೆ."

"ಇನ್ಮೇಲೆ ಓಡಿಸಲ್ಲಪ್ಪ. ಸುಮ್ನೆ ಧೂಳು ಯಾಕೆ ಅಂತ."

"ಒಳ್ಳೇದಾಯ್ತು ಬಿಡಿ" ಎಂದ. "ಅಂಕಲ್, ಅಮ್ಮಂಗೆ ಆಕ್ಸಿಡೆಂಟ್ ಆಯ್ತು. ಗುರುವಾರ ಸಂಜೆ. ವಾಕ್ ಹೋಗಿದ್ರು. ಹಿಂದಿನಿಂದ ಯಾವುದೋ ಗಾಡಿ ತೋಳಿಗೆ ಹೊಡೆದು ಹೊರಟೇ ಹೋಯ್ತು. ಬಲಗೈ ಊರಿ ಬಿದ್ದಿದ್ದಾರೆ. ಮಣಿಕಟ್ಟು ಮುರಿದಿದೆ."

ಕವರಿನ ಅಂಚು ಎಳೆದು ಹಿಡಿದೆ.

"ಹತ್ತು ನಿಮಿಷ ಅಲ್ಲೇ ಬಿದ್ದಿದ್ರು. ಇನ್ನೂ ಬರ್ಲಿಲ್ಲ ಅಂತ ರುಕ್ಸಾರ್ ಹುಡುಕ್ಕೊಂಡು ಹೋದ್ಲು. ಪೊಲೀಸ್ನೋರು ಎರಡು ಮನೆ ಕ್ಯಾಮೆರಾ ನೋಡಿದ್ರು. ಲೈಟ್ ಬಿಟ್ರೆ ಏನೂ ಕಾಣಲ್ಲ. ನೀವೊಂದ್ಸಲ ಹಾಸ್ಪಿಟಲ್ ಪೇಪರ್ಸ್ ನೋಡ್ತೀರಾ? ಡಾಕ್ಟರಾಗಿ ನೀವು ನೋಡಿದ್ರೆ ಅಮ್ಮಂಗೂ ಧೈರ್ಯ."

"ನೋಡ್ತೀನಿ" ಎಂದೆ. ಕವರಿನ ಅಂಚು ಇನ್ನೂ ನನ್ನ ಕೈಯಲ್ಲೇ ಇತ್ತು.

ಅದೇ ದಿನ, ಸಂಜೆ 5

ಕಸದ ತೊಟ್ಟಿ ಅಲ್ಲ.

ಶನಿವಾರ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆ. ತೊಟ್ಟಿ ಕೂಗುವುದಿಲ್ಲ. ಕಿಟಕಿ ಮುಚ್ಚಿತ್ತು, ಆದರೂ ಕೇಳಿಸಿತು. ಹೆಂಗಸಿನ ದನಿ. "ಯಾ ಅಲ್ಲಾ" ಎಂದದ್ದು ಕೇಳಿಸಿತು. ಬ್ರೇಕಿನ ಮೇಲೆ ಕಾಲಿಟ್ಟೆ. ತೆಗೆದೆ. ರೇಡಿಯೋ ಇರಬೇಕು ಎಂದುಕೊಂಡೆ — ರೇಡಿಯೋ ಹಾಕಿರಲೇ ಇಲ್ಲ.

ಮೂವತ್ತೆಂಟು ವರ್ಷ ಅನೆಸ್ತೀಷಿಯಾ ಕೊಟ್ಟವನು. ರೋಗಿಯ ಉಸಿರಿನ ಸದ್ದು ಒಂದಿಷ್ಟು ಬದಲಾದರೂ ತಿರುಗುತ್ತಿದ್ದವನು.

ಅಕ್ಟೋಬರ್ 25. ಬುಧವಾರ

ಹೋದೆ. ಹೋಗದೆ ಇದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಇದನ್ನೂ ಬರೆದಿಡಬೇಕು.

ಮೆಹಬೂಬ್‌ನ ತಾಯಿ ಬದರುನ್ನೀಸಾ ಸೋಫಾದಲ್ಲಿ, ಕೈ ದಿಂಬಿನ ಮೇಲೆ. ಅರವತ್ತೈದರ ಆಸುಪಾಸು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ಬೇಡ ಎಂದೆ. ಬೆರಳುಗಳು ಊದಿದ್ದವು, ಬ್ಯಾಂಡೇಜ್ ಬಿಗಿ. ಬಿಚ್ಚಿ ಸಡಿಲವಾಗಿ ಸುತ್ತಿದೆ. ಉಗುರು ಒತ್ತಿ ರಕ್ತ ತಿರುಗಿ ಬರುವುದನ್ನು ನೋಡಿದೆ. ಎಕ್ಸ್‌ರೇ ಪರವಾಗಿಲ್ಲ, ಆಪರೇಷನ್ ಬೇಕಾಗದು. ನನ್ನ ಕೈ ನಡುಗಲಿಲ್ಲ. ಅದು ನನಗೇ ಅಸಹ್ಯವಾಯಿತು.

"ತಪ್ಪು ನಂದೇ ಡಾಕ್ಟ್ರೇ. ಗಾಡಿಗೆ ಬೆನ್ನು ಹಾಕಿ ನಡೀಬೇಡಿ ಅಂತ ಮಗ ಎಷ್ಟು ಸಲ ಹೇಳಿದ್ದ. ನಮ್ಮೂರಿನ ಅಭ್ಯಾಸ, ಮರ್ತೋಯ್ತು."

"ನಿಮ್ಮ ತಪ್ಪಿಲ್ಲ."

"ಅವನಿಗೂ ಕಾಣಿಸಿರಲ್ಲ ಪಾಪ. ಯಾವ ಅವಸರದಲ್ಲಿದ್ನೋ." ಆಮೇಲೆ ದನಿ ತಗ್ಗಿಸಿದರು. "ನೋವು ತಡ್ಕೋತೀನಿ. ಎಡಗೈಯಲ್ಲಿ ಊಟ ಮಾಡೋಕೆ ಮನಸ್ಸು ಬರಲ್ಲ. ಸೊಸೆ ತಿನ್ನಿಸ್ತಾಳೆ. ಮೊಮ್ಮಗಳು ನೋಡ್ತಾ ಕೂತಿರ್ತಾಳೆ. ನಾಚ್ಕೆ ಆಗುತ್ತೆ."

ಮೊಮ್ಮಗಳು ನಾಯಿಲಾ, ಏಳು ವರ್ಷ, ಹೋಮ್‌ವರ್ಕ್‌ನಿಂದ ತಲೆ ಎತ್ತದೆ, "ಇಟ್ಸ್ ಓಕೆ ದಾದಿ, ನಾನು ನೋಡಲ್ಲ" ಎಂದು ಅಜ್ಜಿಗೆ ಹೇಳಿದಳು.

ಹೊರಡುವಾಗ ಬದರುನ್ನೀಸಾ, "ನೀವು ಹತ್ತಿರ ಇರೋದು ನಮ್ಮ ನಸೀಬು" ಎಂದರು.

ಅಕ್ಟೋಬರ್ 28. ಶನಿವಾರ

ಬೆಳಿಗ್ಗೆಯಿಂದ ಗಾಳಿ. ಹತ್ತು ಗಂಟೆಗೆ ಕಿಟಕಿಯಿಂದ ನೋಡಿದರೆ ಕವರ್ ಎಡಗಡೆ ಪೂರ್ತಿ ಎದ್ದು ಹಾಯಿಯ ಹಾಗೆ ಬಡಿಯುತ್ತಿದೆ. ಬಲಗಡೆ ಮಾತ್ರ ಮುರಿದ ಕನ್ನಡಿಯ ಚೂಪಿಗೆ ಸಿಕ್ಕಿಕೊಂಡು ನಿಂತಿದೆ. ಮನೆಯ ಚಪ್ಪಲಿಯಲ್ಲೇ ಓಡಿದೆ. ಮೆಹಬೂಬ್ ಆಗಲೇ ಬಂದು ಎಡಗಡೆ ಹಿಡಿದುಕೊಂಡಿದ್ದ. ನಾನು ಬಲಗಡೆಗೆ ಹೋಗಿ ಬಾಗಿಲಿಗೆ ಬೆನ್ನು ಒತ್ತಿ ನಿಂತೆ.

"ನೀವು ಈ ಕಡೆ ಬನ್ನಿ ಅಂಕಲ್, ಅಲ್ಲಿ ನಾನು ನೋಡ್ತೀನಿ."

"ಇಲ್ಲಪ್ಪ, ಹಿಡ್ಕೊಂಡಿದ್ದೀನಿ."

ಇದು ಎಲ್ಲ ಕಾರಿಗೂ ಆಗುವ ಸೈಜು, ಅದಕ್ಕೇ ಕೆಳಗಿನಿಂದ ಗಾಳಿ ತುಂಬಿಕೊಳ್ಳುತ್ತದೆ ಎಂದ. ಕಾರಿನ ಮಾಡೆಲ್‌ಗೆ ಹೊಲಿದದ್ದು ಬೇಕು. ಅಂಚಿಗೆಲ್ಲ ಇಲಾಸ್ಟಿಕ್, ಹೊಟ್ಟೆಯ ಕೆಳಗೆ ಮೂರು ಪಟ್ಟಿ, ಒಂದು ಕೇಬಲ್ ಲಾಕ್. ಈ ಬೆಳ್ಳಿ ಟಾರ್ಪಾಲಿಗೆ ಬಡಾವಣೆಯ ಕಮಿಟಿಯವರೂ ಲೆಟರ್ ಕಳಿಸುತ್ತಾರೆ, ಬೂದು ಬಣ್ಣದ್ದು ತರಿಸಬೇಕು. "ನಾನೇ ಆರ್ಡರ್ ಮಾಡ್ತೀನಿ, ನಿಮ್ಮ ಕ್ಯಾಮ್ರಿ ಕಾರು ಯಾವ ವರ್ಷದ್ದು ಅಂತ ನಂಗೆ ಗೊತ್ತು."

ತಾಯಿಯ ಕೈ ಮುರಿದ ಕಾರಿಗೆ ಮಗ ಹೊದಿಕೆ ಹುಡುಕುತ್ತಿದ್ದಾನೆ. ಥ್ಯಾಂಕ್ಸ್ ಎಂದೆ.

ಅಕ್ಟೋಬರ್ 30. ಸೋಮವಾರ

ಶೀಲಾ ಫೋನ್ ಮಾಡಿದ್ದಳು. ಕಾರಿಗೆ ಕವರ್ ಹಾಕಿದ್ದನ್ನು ರುಕ್ಸಾರ್ ಹೇಳಿದಳಂತೆ.

"ರೀ, ನಿಜವಾಗ್ಲೂ ಡ್ರೈವಿಂಗ್ ಬಿಟ್ರಾ? ನಾನು ಹೇಳಿ ಹೇಳಿ ಸಾಕಾಗಿತ್ತು. ನೀವೇ ಮನಸ್ಸು ಮಾಡಿದ್ರಲ್ಲ. ತನ್ವಿ ಹತ್ತಿರ ಹೇಳ್ಕೊಂಡು ಖುಷಿಪಟ್ಟೆ."

"ಹೂಂ" ಎಂದೆ.

"ಎಷ್ಟು ಜನ ಗಂಡಸರು ಹೀಗೆ ತಾವಾಗಿ ಬಿಡ್ತಾರೆ ಹೇಳಿ."

ತನ್ವಿಯ ಮಂಡಿ ಹೇಗಿದೆ ಎಂದು ಕೇಳಿ ಮಾತು ತಿರುಗಿಸಿದೆ.

ನವೆಂಬರ್ 2. ಗುರುವಾರ

ಹೊಸ ಕವರ್ ಬಂತು. ಐದು ಪದರ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಮಾಡೆಲ್‌ಗೆ ಹೊಲಿದದ್ದು — ಕನ್ನಡಿಗಳಿಗೂ ಎರಡು ಕಡೆ ಕಿವಿಯ ಹಾಗೆ ಚೀಲ. ಎಡಗಡೆಯ ಚೀಲ ತುಂಬಿ ನಿಂತಿತು. ಬಲಗಡೆಯದು ಖಾಲಿ, ಜೋತುಬಿತ್ತು. ಬೀದಿಯಿಂದಲೇ ಕಾಣುತ್ತದೆ.

ಅಡಿಗೆಮನೆಯ ಕತ್ತರಿ ತಂದು ವೈರ್ ಕತ್ತರಿಸಿದೆ. ಕನ್ನಡಿಯನ್ನು ಕಾಗದದಲ್ಲಿ ಸುತ್ತಿ ಬೇಸ್‌ಮೆಂಟಿನಲ್ಲಿ ಅಕ್ಕಿ ಮೂಟೆಯ ಹಿಂದಿಟ್ಟೆ. ಸ್ನಾನದ ಟವೆಲ್ ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಕನ್ನಡಿಯ ಆಕಾರಕ್ಕೆ ತಂದು ಆ ಚೀಲದೊಳಗೆ ತುರುಕಿದೆ. ದೂರ ನಿಂತು ನೋಡಿದೆ. ಹತ್ತಿರ ಹೋಗಿ ಸ್ವಲ್ಪ ಉಬ್ಬಿಸಿದೆ. ಮತ್ತೆ ದೂರ ನಿಂತು ನೋಡಿದೆ. ಎಪ್ಪತ್ತೇಳು ವರ್ಷ ನನಗೆ.

ನವೆಂಬರ್ 10. ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಬರೆದರೆ ಒಂದೇ ವಿಷಯ.

ಇವತ್ತು ಮೆಹಬೂಬ್‌ಗೆ ರಜೆ. ಪಟ್ಟಿ ಕಟ್ಟಲು ತಾನಾಗಿ ಬಂದ. ಕಾರಿನ ಕೆಳಗೆ ಪಟ್ಟಿ ದಾಟಿಸಲು ನನ್ನ ಸೊಂಟ ಬಗ್ಗುವುದಿಲ್ಲ ಎಂದು ಅವನಿಗೆ ಗೊತ್ತು. ನೆಲದ ಮೇಲೆ ಮಲಗಿ ಮುಂದಿನದು, ನಡುವಿನದು, ಹಿಂದಿನದು ಮೂರೂ ಕಟ್ಟಿದ. ಕೇಬಲ್ ತೂತಿನಲ್ಲಿ ಪೋಣಿಸಿ ಬೀಗ ಹಾಕಿದ. ಎದ್ದು ಕೈ ಒರೆಸಿಕೊಂಡು ಸುತ್ತ ಬಂದು ಸುಕ್ಕು ಎಳೆಯುತ್ತ ಹೋದ. ಬೇಡ ಎನ್ನುವಷ್ಟರಲ್ಲಿ ಬಲಗಡೆಯ ಕನ್ನಡಿಯ ಹತ್ತಿರ ಬಂದಿದ್ದ.

ಚೀಲ ಸರಿ ಮಾಡಲು ಹಿಡಿದ. ಬೆರಳು ಒಳಕ್ಕೆ ಹೋಯಿತು. ಮೆತ್ತಗೆ. ಮತ್ತೊಮ್ಮೆ ಒತ್ತಿದ. ಅವನ ಕೈ ಅಲ್ಲೇ ನಿಂತಿತು. ನಾನು ಎದುರು ಮನೆಯ ಮರ ನೋಡುತ್ತಿದ್ದೆ.

"ಟೈಟ್ ಆಗಿದೆ ಅಂಕಲ್" ಎಂದ. "ಇನ್ನು ಗಾಳಿಗೆ ಹಾರಲ್ಲ."

ಬೀಗದ ಕೈ ನನ್ನ ಅಂಗೈಯಲ್ಲಿಟ್ಟ. ಕಾಫಿ ಕುಡಿದು ಹೋಗು ಎಂದೆ. ಮುಖ ನೋಡದೆ ಹೋದ.

ನವೆಂಬರ್ 11

ಅವನಿಂದ ಫೋನಿಲ್ಲ. ಪೊಲೀಸರೂ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

ನವೆಂಬರ್ 12. ಭಾನುವಾರ, ದೀಪಾವಳಿ

ಎಣ್ಣೆ ಹಚ್ಚಿಕೊಳ್ಳಲಿಲ್ಲ, ದೀಪ ಹಚ್ಚಲಿಲ್ಲ. ಹನ್ನೊಂದಕ್ಕೆ ರುಕ್ಸಾರ್ ಬಾಗಿಲಿಗೆ ಬಂದಳು, ಕೈಯಲ್ಲಿ ಡಬ್ಬಿ.

"ಹಬ್ಬದ ದಿನ ಒಬ್ಬರೇ ಇದ್ದೀರ ಅಂತ ಅತ್ತೆ ರವೆಉಂಡೆ ಮಾಡಿದ್ದಾರೆ ಅಂಕಲ್. ಎಡಗೈಯಲ್ಲಿ ಕಟ್ಟಿದ್ದು, ಶೇಪ್ ಸರಿಯಿಲ್ಲ. ನಗಬೇಡಿ ಅಂದ್ರು."

ಅವಳಿಗೆ ಗೊತ್ತಿಲ್ಲ. ಮೆಹಬೂಬ್ ಮನೆಯಲ್ಲಿ ಹೇಳಿಲ್ಲ.

ಡಬ್ಬಿ ಮೇಜಿನ ಮೇಲಿಟ್ಟು ಸುಮಾರು ಹೊತ್ತು ಕೂತೆ. ಆಮೇಲೆ ಶರಟು ಬದಲಿಸಿ ಹೋದೆ. ಅವರ ಮನೆಯ ಹಾಲ್‌ನಲ್ಲಿ ಮೂವರೂ ಇದ್ದರು. ಮೆಹಬೂಬ್ ಮಗಳನ್ನು ಮೇಲೆ ಕಳಿಸಿದ. ನಿಂತೇ ಹೇಳಿದೆ.

"ಅವತ್ತು ನಿಮಗೆ ತಾಗಿದ್ದು ನನ್ನ ಕಾರು. ಕವರ್ ಹಾಕಿದ್ದು ಅದಕ್ಕೇ."

ರುಕ್ಸಾರ್ ಗಂಡನ ಮುಖ ನೋಡಿದಳು. ಬದರುನ್ನೀಸಾ ನನ್ನನ್ನೇ ನೋಡುತ್ತಿದ್ದರು.

"ನಿಮ್ಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು.

"ನೀವು ಕೂಗಿದ್ದು ಕೇಳಿಸಿತು."

ಅವರು ದಿಂಬಿನ ಮೇಲಿದ್ದ ಕೈ ಎತ್ತಿ ಸೆರಗಿನೊಳಗೆ ಇಟ್ಟುಕೊಂಡರು. ಅಷ್ಟೆ. ಎದ್ದು ಒಳಗೆ ಹೋದರು.

ಮೆಹಬೂಬ್ ಬಾಗಿಲ ತನಕ ಬಂದ. "ಶುಕ್ರವಾರವೇ ಗೊತ್ತಾಯ್ತು ಅಂಕಲ್. ನೀವೇ ಹೇಳ್ತೀರೇನೋ ಅಂತ ಕಾದೆ. ನಾಳೆ ತನಕ ಕಾಯೋಣ ಅಂದ್ಕೊಂಡಿದ್ದೆ. ಆಮೇಲೆ ನಾನೇ ಪೊಲೀಸ್‌ಗೆ ಕಾಲ್ ಮಾಡ್ತಿದ್ದೆ."

"ಬೇಡ, ನಾನೇ ಮಾಡ್ತೀನಿ."

"ಮಾಡಿ" ಎಂದ. ಬಾಗಿಲು ಹಾಕಿದ. ಜೋರಾಗಿ ಹಾಕಲಿಲ್ಲ.

ನವೆಂಬರ್ 13. ಸೋಮವಾರ

ಪೊಲೀಸರು ಬಂದರು. ಒಬ್ಬಳು ಹುಡುಗಿ, ತನ್ವಿಗಿಂತ ಚಿಕ್ಕವಳು, ಬಹಳ ಮರ್ಯಾದೆಯಿಂದ ಮಾತಾಡಿದಳು. ಬೀಗ ತೆಗೆದೆ, ಪಟ್ಟಿ ಬಿಚ್ಚಿದೆ. ಟವೆಲ್ ಅವಳೇ ತೆಗೆದು ನೋಡಿ, ಕಾರಿನ ಮೇಲಿಟ್ಟು ಫೋಟೋ ತೆಗೆದಳು. ಬೇಸ್‌ಮೆಂಟಿನಿಂದ ಕನ್ನಡಿ ತಂದುಕೊಟ್ಟೆ. ಎದುರು ಮನೆಯವರು ಅಂಗಳದಲ್ಲಿ ನಿಂತಿದ್ದರು.

ಜನವರಿಯಲ್ಲಿ ಕೋರ್ಟು. ಲೈಸೆನ್ಸ್ ಕೊಟ್ಟುಬಿಟ್ಟೆ. ಕವರ್ ಮತ್ತೆ ಹಾಕಲಿಲ್ಲ.

ಶೀಲಾಗೆ ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ. ಆಗಲಿಲ್ಲ.

ನವೆಂಬರ್ 18. ಶನಿವಾರ, ಮಧ್ಯಾಹ್ನ 3

ಶೀಲಾ ಬಂದಳು. ಟ್ಯಾಕ್ಸಿಯಿಂದ ಇಳಿದವಳು ಕಾರಿನ ಹತ್ತಿರ ನಿಂತಳು. ಕನ್ನಡಿ ಇದ್ದ ಜಾಗ ಮುಟ್ಟಿ ನೋಡಿದಳು.

"ಯಾರಿಗೆ ತಾಗ್ತು?"

ಏನು ತಾಗಿತು ಎಂದು ಕೇಳಲಿಲ್ಲ. ಯಾರಿಗೆ ಎಂದಳು. ಹೇಳಿದೆ, ಬಾಗಿಲಲ್ಲೇ, ಎಲ್ಲವನ್ನೂ. ಕೋಟು ಬಿಚ್ಚದೆ ಮೆಹಬೂಬ್ ಮನೆಗೆ ಹೋದಳು. ಒಂದು ಗಂಟೆ ಕಳೆದು ಬಂದಳು. ಕಣ್ಣು ಕೆಂಪಾಗಿತ್ತು.

"ಏನಂದ್ರು?"

"ನನ್ನ ಹತ್ತಿರ ಜಗಳ ಆಡ್ಲಿಲ್ಲ. ಬದರುನ್ನೀಸಾ ಒಂದೇ ಮಾತು ಅಂದ್ರು. ಡಾಕ್ಟ್ರು ನಿಲ್ಲಿಸಿ, ಕತ್ತಲಾಯ್ತು, ಕಣ್ಣು ಕಾಣ್ಲಿಲ್ಲಮ್ಮ ಅಂದಿದ್ರೆ, ನಮ್ಮ ಮೆಹಬೂಬ್ ಅವರನ್ನ ಕೈ ಹಿಡ್ಕೊಂಡು ಮನೆ ತನಕ ಬಿಟ್ಟು ಬರ್ತಿದ್ದ ಅಂತ."

ಹೇಳಿ ಮೇಲೆ ಹೋದಳು. ಸೂಟ್‌ಕೇಸ್ ಬಾಗಿಲಲ್ಲೇ ಇದೆ.

ಬಿಟ್ಟು ಬರುತ್ತಿದ್ದ. ನನಗೂ ಗೊತ್ತು. ಬ್ರೇಕಿನಿಂದ ಕಾಲು ತೆಗೆದದ್ದು ಹೆದರಿಕೆಯಿಂದ ಎಂದುಕೊಂಡಿದ್ದೆ ಇಷ್ಟು ದಿನ. ಹೆದರಿಕೆಯಲ್ಲ. ಇಳಿದರೆ ಕಣ್ಣು ಕಾಣುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು — ನಾಲ್ಕು ಜನರೆದುರು, ಮುದುಕನಾದೆ ಎಂದು. ಅಷ್ಟಕ್ಕೆ ಒಬ್ಬ ಹೆಂಗಸನ್ನು ರಸ್ತೆಯ ಮೇಲೆ ಬಿಟ್ಟು ಬಂದೆ.