ಮುಫಾರೊನ ರಿಬ್ಬನ್

ಹರಾರೆ

ಚಿಲೇಶೆ ಅವರಿಗೆ,

ನೀವು ಲುಸಾಕಾಕ್ಕೆ ಸುಖವಾಗಿ ತಲುಪಿರಬಹುದು. ಇಲ್ಲಿ ನನ್ನ ಕುದುರೆ ಮುಫಾರೊನ ಮೊಣಕಾಲು ಊದಿದೆ. ದಿನವೂ ತಣ್ಣೀರು ಹಾಕುತ್ತಿದ್ದೇನೆ.

ಹೊರದೇಶದಿಂದ ಕುದುರೆ ಜಿಗಿತದ ಪಂದ್ಯಕ್ಕೆ ಬಂದವರಿಗೆ ನಾವು ಚೀಟಿ ಎತ್ತಿ ನಮ್ಮ ಕುದುರೆಗಳನ್ನೇ ಕೊಡುತ್ತೇವೆ. ನಿಮಗೆ ಮುಫಾರೊ ಬಂದ. ನೀವು ಮುಖ ಸಿಂಡರಿಸಿದಿರಿ. ನೀವೂ ನನ್ನಂತೆ ರಜೆ ದಿನದ ಸವಾರರು, ಹೆದರಿಕೆ ಇರಬೇಕು ಎಂದುಕೊಂಡೆ. ಆದರೆ ಗೆದ್ದ ಮೇಲೆ ಊಟದ ಹೊತ್ತಿನಲ್ಲಿ ಮೈಕ್ ಹಿಡಿದು ಏನಂದಿರಿ?

“ಈ ಕತ್ತೆ ಮೇಲೆ ಕೂತೇ ಗೆದ್ದಿದ್ದೀನಿ ಕಣ್ರಪ್ಪಾ, ಇನ್ನು ಒಳ್ಳೇ ಕುದುರೆ ಕೊಟ್ಟಿದ್ರೆ!”

ಎಲ್ಲರೂ ನಕ್ಕರು. ಆಮೇಲೆ ಮೆಕ್ಕೆಜೋಳದ ಮುದ್ದೆ ಬಡಿಸುತ್ತಿದ್ದ ನನ್ನ ಕಡೆಗೇ ತಟ್ಟೆ ಚಾಚಿ, “ಸಡ್ಜಾ ಇನ್ನೊಂಚೂರು ಹಾಕಮ್ಮಾ” ಅಂದಿರಿ. ಹಾಕಿದೆ.

ನಮ್ಮಲ್ಲಿ ಕಪ್ ಸವಾರನಿಗೆ, ರಿಬ್ಬನ್ ಕುದುರೆಗೆ. ಅದು ಲಾಯದ ಬಾಗಿಲಲ್ಲಿ ತೂಗಬೇಕು. ನೀವು ಎರಡನ್ನೂ ಚೀಲಕ್ಕೆ ತುರುಕಿಕೊಂಡು ಹೋಗಿದ್ದೀರಿ. ರಿಬ್ಬನ್ನನ್ನು ಈ ವಾರವೇ ಅಂಚೆಗೆ ಹಾಕಿ. ಕ್ಷಮೆ ಕೇಳುವ ಪತ್ರ ಬೇಡ, ಅದನ್ನು ಓದುವ ತಾಳ್ಮೆ ನನಗಿಲ್ಲ.

ಜೊತೆಗೆ ಒಂದು ಫೋಟೊ ಇಟ್ಟಿದ್ದೇನೆ. ನಿಮ್ಮ ಕೊನೆಯ ಜಿಗಿತದ್ದು. ಮುಫಾರೊ ಗಾಳಿಯಲ್ಲಿದ್ದಾನೆ. ಮೊಣಕಾಲು ಅಡ್ಡಗಂಬಕ್ಕೆ ಬಡಿದಿದೆ, ಕಂಬ ಮಾತ್ರ ಬಿದ್ದಿಲ್ಲ. ಲಗಾಮು ಜೋತು ಬಿದ್ದಿದೆ. ನೀವು ಎರಡೂ ಕೈಯಲ್ಲಿ ಅವನ ಕುತ್ತಿಗೆ ತಬ್ಬಿಕೊಂಡು ಕಣ್ಣು ಮುಚ್ಚಿದ್ದೀರಿ. ಕಪ್ ಪಕ್ಕದಲ್ಲಿಡಲು ಚೆನ್ನಾಗಿದೆ.

ಇದರ ಇನ್ನೊಂದು ಪ್ರತಿ ನನ್ನ ಹತ್ತಿರವಿದೆ. ಅದನ್ನು ನಿಮ್ಮ ಕ್ಲಬ್ಬಿನ ಗೋಡೆಗೆ ಕಳಿಸುವ ಮುಂಚೆ ರಿಬ್ಬನ್ನಿನ ದಾರಿ ನೋಡುತ್ತಿದ್ದೇನೆ.

ಇಂತಿ,
ಆ ಕತ್ತೆಯ ಒಡತಿ,
ಚೆನಾಯ್ ಮುಕಾರೊ