ಮೆಟ್ಟಿಲ ಮೇಲೆ ಮಲಗಿದ ಬೆಕ್ಕು

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಅಮ್ಮನಿಗೆ,

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹೊತ್ತು ಹೊತ್ತಿಗೆ ತಿನ್ನುತ್ತಿದ್ದೇನೆ. ತಲೆ ಬಾಚಿಕೊಳ್ಳುತ್ತೇನೆ, ದಿನಾ ಅಲ್ಲ. ಇಲ್ಲಿ ಸೋದರತ್ತೆಯ ಮನೆಯಲ್ಲಿ ಪಾತ್ರೆ ತೊಳೆಯುವವಳು ನಾನೇ. ಚೆನ್ನಾಗಿ ತೊಳೆಯುತ್ತೇನೆ ಅಂತ ಬರೆದರೆ ಸುಳ್ಳಾಗುತ್ತದೆ, ಅತ್ತೆ ಮತ್ತೊಂದು ಸಲ ತೊಳೆದುಕೊಳ್ಳುತ್ತಾರೆ.

ಬ್ಯಾಡ್ಜ್ ಸಿಕ್ಕಿತಾ ಅನ್ನುವುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಫೋನಿನಲ್ಲಿ ಆಗಿದ್ದರೆ ನೀನು ಮೊದಲು ಅದನ್ನೇ ಬಾಯಿ ಬಿಡಿಸುತ್ತಿದ್ದೆ, ಆಮೇಲೆ ನನ್ನ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಕಾಗದ. ನಮ್ಮ ಒಪ್ಪಂದ ನನಗೆ ಮರೆತಿಲ್ಲ. ಬ್ಯಾಡ್ಜ್ ಸಿಕ್ಕಿದರೆ ಇಲ್ಲೇ ದೇವಸ್ಥಾನದಲ್ಲಿ ಗೈಡ್ ಕೆಲಸ. ಸಿಗದಿದ್ದರೆ ತೆಪ್ಪಗೆ ವಾಪಸ್ ಬಂದು, ಅರ್ಧಕ್ಕೆ ಬಿಟ್ಟ ಶಾಲೆಯ ಅದೇ ಬೆಂಚಿನಲ್ಲಿ, ನನ್ನ ಭುಜದಷ್ಟೂ ಬೆಳೆಯದ ಹುಡುಗಿಯರ ಮಧ್ಯೆ ಕೂರಬೇಕು. ಆ ಬೆಂಚು ನೆನಪಾದರೆ ಈಗಲೂ ನನ್ನ ಕಾಲು ತಾನಾಗಿ ಅಲ್ಲಾಡುತ್ತದೆ.

ಆ ಕಲ್ಲಿನ ರಾಶಿಯಲ್ಲಿ ಏನಿದೆಯೇ ಅಂತ ಹೊರಡುವಾಗ ಮೂಗು ಮುರಿದಿದ್ದೆಯಲ್ಲ. ಒಂದು ಸಲ ಬಂದು ನೋಡು ಅಂದಾಗಲೆಲ್ಲ ಮಾತು ಬದಲಾಯಿಸುತ್ತೀಯ. ಹಾಗಾಗಿ ನಾನೇ ಹೇಳುತ್ತೇನೆ, ಕೇಳು.

ಇದು ಒಂದು ಗುಡಿಯಲ್ಲ, ಗುಡಿಗಳ ಒಂದು ದೊಡ್ಡ ಕುಟುಂಬ. ನಡುವೆ ದೊಡ್ಡ ಗುಡಿ, ಮನೆಯ ಯಜಮಾನನ ಹಾಗೆ. ಸುತ್ತ ಚಿಕ್ಕಪುಟ್ಟ ಗುಡಿಗಳು, ಬೇರೆ ಬೇರೆ ಕಾಲದಲ್ಲಿ ಬಂದು ಸೇರಿಕೊಂಡವು. ಮುಂದಿನ ಮಂಟಪ ಕಟ್ಟಿಸಿದವನು ಒಬ್ಬ ಸೇನಾಪತಿ. ಅದು ಒಮ್ಮೆ ಕುಸಿದಾಗ ಯಾರೋ ಪುಣ್ಯಾತ್ಮರು ಪಾಳುಬಿದ್ದ ಇನ್ನೊಂದು ಗುಡಿಯ ಕಂಬಗಳನ್ನು ತಂದು ನಿಲ್ಲಿಸಿದರು. ಈಗಲೂ ಅವು ಮದುವೆ ಮನೆಗೆ ಬೇರೆಯವರ ಬಟ್ಟೆ ಹಾಕಿಕೊಂಡು ಬಂದವರ ಹಾಗೆ ಮುಜುಗರದಲ್ಲಿ ನಿಂತಿವೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಶಾಸನ ಓದುವ ಮೇಡಂ. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಅಕ್ಷರ ಎತ್ತಿಕೊಳ್ಳುತ್ತಾರೆ. ಎಷ್ಟು ಪ್ರಶ್ನೆ ಕೇಳಿದರೂ ಸಿಟ್ಟಾಗುವುದಿಲ್ಲ. ಇಂಥವರು ಶಾಲೆಯಲ್ಲಿ ಇದ್ದಿದ್ದರೆ ನಾನು ಬಿಡುತ್ತಿರಲಿಲ್ಲವೇನೋ. ಬಿಡುತ್ತಿದ್ದೆ ಅನ್ನಿಸುತ್ತದೆ, ಆದರೆ ನಿಧಾನವಾಗಿ.

ನಮ್ಮ ಹಿರಿಯ ಗೈಡ್ ಇನ್ನೊಂದು ಥರ. ಅವರು ಯಾವುದನ್ನೇ ತೋರಿಸಲಿ, ಶತಶತಮಾನಗಳ ಹಿಂದೆ ಅಂತಲೇ ಶುರು ಮಾಡುವುದು. ನಲ್ಲಿ ಕೆಟ್ಟರೂ ಶತಮಾನಗಳಿಂದ ಹೀಗೇ ಅನ್ನುತ್ತಾರೆ. ಅದಕ್ಕೆ ಎಲ್ಲರೂ ಹಿಂದಿನಿಂದ ಅವರನ್ನು ಶತಮಾನ ಸಾರ್ ಅನ್ನುತ್ತಾರೆ. ನಾನು ಒಮ್ಮೆ ಮುಂದಿನಿಂದಲೇ ಅಂದುಬಿಟ್ಟೆ. ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ವ್ಯವಹಾರ.

ಅವರ ಬಾಯಲ್ಲಿ ದೇವಸ್ಥಾನದ ಒಂದೊಂದು ಕಲ್ಲಿಗೂ ಕಥೆ. ಚಿಕ್ಕ ಗುಡಿಯ ದೇವಿ ಗೋಡೆಯ ಕಡೆ ಮುಖ ಮಾಡಿದ್ದಾಳೆ. ಗಂಡನ ಮೇಲಿನ ಮುನಿಸು, ದೇವರ ಮನೆಯಲ್ಲೂ ತಪ್ಪಿದ್ದಲ್ಲ ಅನ್ನುತ್ತಾರೆ ಅವರು. ಹೆಂಗಸರು ನಗುತ್ತಾರೆ, ಗಂಡಸರು ಬೇರೆ ಕಡೆ ನೋಡುತ್ತಾರೆ. ನಿಜವೇನೆಂದರೆ ಆ ಗೋಡೆ ಮೊದಲು ಇರಲೇ ಇಲ್ಲ, ಮಂಟಪ ದೊಡ್ಡದು ಮಾಡುವಾಗ ಅವಳ ಬಾಗಿಲು ಮುಚ್ಚಿಹೋಯಿತು. ನಾನು ಇದನ್ನು ಹೊಸದಾಗಿ ಮದುವೆಯಾದ ಒಂದು ಜೋಡಿಗೆ ಹೇಳಿದೆ. ಅವರ ಮುಖದಲ್ಲಿ ದೀಪ ಆರಿದ ಹಾಗಾಯಿತು. ಒಂದೇ ಕಿವಿಯ ಕಲ್ಲಾನೆ ಇನ್ನೊಂದು ಕಿವಿಯನ್ನು ಭಕ್ತರ ಕಷ್ಟ ಕೇಳಲು ದೇವರ ಹತ್ತಿರ ಬಿಟ್ಟಿದೆಯಂತೆ. ಕಲ್ಲು ಸಾಗಿಸುವಾಗ ಗಾಡಿಗೆ ತಾಗಿ ಮುರಿದಿರಬೇಕು ಅಂತ ನಾನಂದೆ. ಒಬ್ಬ ತಾತ ಆ ಆನೆಯ ಮುಂದೆ ಕೈ ಮುಗಿದು ನಿಂತಿದ್ದರು. ಕೈ ಇಳಿಸಿ, ನಿನಗೇನು ಕಷ್ಟ ಮಗು ಅಂತ ನನ್ನನ್ನೇ ಕೇಳಿದರು.

ಶತಮಾನ ಸಾರ್ ನನ್ನನ್ನು ಕಂಬದ ಮರೆಗೆ ಕರೆದು, ನೀನು ಗೈಡಾ ವಕೀಲೆಯಾ ಅಂತ ಬೈದರು. ಜನ ಕಲ್ಲು ನೋಡೋಕೆ ಬರ್ತಾರೆ ಅಂದ್ಕೊಂಡ್ಯಾ, ಕಲ್ಲು ಅವರ ಹಿತ್ತಲಲ್ಲೂ ಬಿದ್ದಿರತ್ತೆ ಅಂದರು. ನಾನು, ಸಾರ್, ಗೊತ್ತಿದ್ದೂ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ, ನಮ್ಮಮ್ಮ ಹಾಗೆ ಬೆಳೆಸಿಲ್ಲ ಅಂದೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನ ಬೇಗ ವಾಪಸ್ ಕಳಿಸ್ತೀನಿ ಅಂತಲೂ ಹೇಳು ಅಂದರು. ಹೇಳಿದ್ದೇನೆ ನೋಡು.

ಎಲ್ಲಕ್ಕಿಂತ ಕಷ್ಟವಾಗಿದ್ದು ಬೆಕ್ಕಿನ ಮೆಟ್ಟಿಲು. ದೊಡ್ಡ ಗುಡಿಯ ಮೆಟ್ಟಿಲಲ್ಲಿ ಒಂದು ನುಣುಪಾದ ತಗ್ಗಿದೆ, ಬೆಕ್ಕು ಮುದುರಿ ಮಲಗಿದಷ್ಟೇ ಅಗಲ. ದೂರದಿಂದ ಬಂದವರು ದೇವರಿಗಿಂತ ಮೊದಲು ಇದೆಲ್ಲಿ ಅಂತ ಕೇಳುತ್ತಾರೆ. ಶಿಲ್ಪಿ ಮೆಟ್ಟಿಲು ಕೆತ್ತುವಾಗ ದಿನಾ ಒಂದು ಬೆಕ್ಕು ಬಂದು ಅದರ ಮೇಲೆ ಮಲಗುತ್ತಿತ್ತಂತೆ. ಎಬ್ಬಿಸಲು ಮನಸ್ಸಾಗದೆ, ಅದು ಮಲಗಿ ಮಲಗಿ ಆದ ತಗ್ಗನ್ನು ಹಾಗೇ ಬಿಟ್ಟು ಸುತ್ತಲೂ ಕೆತ್ತಿದನಂತೆ. ಈ ಕಥೆಯನ್ನು ಶತಮಾನ ಸಾರ್ ಬಾಯಲ್ಲಿ ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಅವರು ಹೇಳುವ ಮೊದಲೇ ಮುಂದಿನ ಮಾತು ನನಗೆ ಗೊತ್ತು! ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ನೀನು ಹೇಳುತ್ತಿದ್ದ ಕಥೆಯಲ್ಲವಾ ಇದು. ಇದು ಇಷ್ಟು ಹಳೆಯ ಕಥೆ ಅಂತ ನನಗೆ ಗೊತ್ತೇ ಇರಲಿಲ್ಲ. ಓಡಿಹೋಗಿ ಮೇಡಂನ ಕೇಳಿದೆ. ಅವರು ನಕ್ಕು, ಕಲ್ಲುಕುಟಿಗರು ನೀರು ಹಾಕಿ ಉಳಿ ಮಸೆದು ಮಸೆದು ಆದ ತಗ್ಗು ಅದು, ಬೆಕ್ಕಿನ ಮಾತು ಯಾವ ಶಾಸನದಲ್ಲೂ ಇಲ್ಲ ಅಂದರು. ನನಗೆ ಅಳುವೇ ಬಂತು. ನನಗೆ ಇಷ್ಟವಾದ ಕಥೆಯೇ ಸುಳ್ಳಾಗಬೇಕಾ?

ನಿನ್ನೆ ನನ್ನ ಪರೀಕ್ಷೆ. ಬಂದವರ ಒಂದು ಗುಂಪನ್ನು ನಾನೊಬ್ಬಳೇ ಸುತ್ತಿಸಬೇಕು. ಹಿಂದೆ ದೇವಸ್ಥಾನದ ಕಾರ್ಯದರ್ಶಿ, ಅವರ ಪಕ್ಕದಲ್ಲಿ ಶತಮಾನ ಸಾರ್. ಬೆಕ್ಕನ್ನು ಬಿಟ್ಟೆಯೋ ಬ್ಯಾಡ್ಜನ್ನೂ ಬಿಟ್ಟೆ ಅಂತ ಸಾರ್ ಬೆಳಿಗ್ಗೆಯೇ ಎಚ್ಚರಿಸಿದ್ದರು. ಸೇನಾಪತಿ, ಕುಸಿದ ಮಂಟಪ, ಎರವಲು ಕಂಬ ಎಲ್ಲ ಚೆನ್ನಾಗಿಯೇ ಹೇಳಿದೆ. ದೇವಿಯ ಮುನಿಸನ್ನು ಹೇಳಲಿಲ್ಲ. ಆನೆಯ ಕಿವಿಯ ಹತ್ತಿರ ಬೇಗ ಬೇಗ ನಡೆದೆ. ಗುಂಪು ಆಕಳಿಸತೊಡಗಿತು. ಕಾರ್ಯದರ್ಶಿ ಕೈಗಡಿಯಾರ ನೋಡಿದರು. ನನಗೆ ಬೆಂಚು ಕಾಣತೊಡಗಿತು, ಅಮ್ಮ. ಅದರ ಮೇಲೆ ಯಾರೋ ಕೊರೆದಿದ್ದ ಹೃದಯದ ಚಿತ್ರದ ಸಮೇತ.

ಮೆಟ್ಟಿಲ ಹತ್ತಿರ ಬಂದಾಗ, ಕನ್ನಡಕದ ಪುಟ್ಟ ಹುಡುಗಿಯೊಬ್ಬಳು ಕಾಲು ನೋವು ಅಂತ ಆ ತಗ್ಗಿನ ಪಕ್ಕದಲ್ಲೇ ಧೊಪ್ಪಂತ ಕೂತಳು. ಇಲ್ಯಾಕೆ ಹೀಗಿದೆ ಅಕ್ಕ ಅಂದಳು. ಕಲ್ಲುಕುಟಿಗರು ಉಳಿ ಮಸೆದ ಜಾಗ ಅಂದೆ. ಅಷ್ಟೇನಾ ಅಂದಳು. ಆ ಅಷ್ಟೇನಾ ಇದೆಯಲ್ಲ, ನೀನು ಕಥೆ ಅರ್ಧಕ್ಕೆ ನಿಲ್ಲಿಸಿ ನಿದ್ದೆ ಹೋದಾಗ ನಾನು ಕೇಳುತ್ತಿದ್ದದ್ದೂ ಅದನ್ನೇ.

ನನ್ನ ಕಾಲೂ ಸೋತಿತ್ತು. ಅವಳ ಪಕ್ಕದಲ್ಲಿ ಕೂತೆ. ಕೂತ ತಕ್ಷಣ ನನ್ನೊಳಗಿನ ವಕೀಲೆ ಎದ್ದು ಹೋದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಇದುವರೆಗೆ ನಿಂತುಕೊಂಡು ಹೇಳಿದ್ದೆಲ್ಲ ನಡೆದದ್ದು. ಈಗ ಕೂತಿದ್ದೀನಿ, ಕೂತು ಹೇಳೋದೆಲ್ಲ ಕಥೆ. ಆಮೇಲೆ ಯಾರೂ ನನ್ನನ್ನ ಬೈಬಾರದು.

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕಾರ್ಯದರ್ಶಿಯೂ ಕೂತರು. ಶತಮಾನ ಸಾರ್ ಒಬ್ಬರೇ ಎಷ್ಟು ಹೊತ್ತು ನಿಲ್ಲುತ್ತಾರೆ, ಕಂಬ ಹಿಡಿದುಕೊಂಡು ಅಮ್ಮಾ ಅನ್ನುತ್ತಾ ಕೂತರು. ನಾನು ನಿನ್ನ ಹಾಗೆಯೇ ಹೇಳಿದೆ. ಬೆಕ್ಕಿನ ಗೊರಕೆಯ ತಾಳಕ್ಕೆ ಶಿಲ್ಪಿ ಸುತ್ತಿಗೆ ಹಾಕಿದ್ದು, ರಾಜ ಬಂದು ಈ ಮೆಟ್ಟಿಲು ಯಾಕೆ ಮುಗಿದಿಲ್ಲ ಅಂತ ಗುಡುಗಿದ್ದು, ಶಿಲ್ಪಿ ಬಾಯಿಗೆ ಬೆರಳಿಟ್ಟು ಶ್... ಅಂದದ್ದು, ರಾಜನೂ ಕೆಳಗಿನ ಮೆಟ್ಟಿಲಲ್ಲಿ ಕೂತು ಅದು ಏಳುವುದನ್ನು ಕಾದದ್ದು. ಎದ್ದ ಬೆಕ್ಕು ರಾಜನ ಕಡೆ ನೋಡದೆ ಮೈಮುರಿದು ಹೋಯಿತು ಅಂದಾಗ ಗುಂಪು ಹೋ ಅಂತ ನಕ್ಕಿತು. ಆಚೆ ಕಟ್ಟೆಯಲ್ಲಿ ಚಪ್ಪಲಿ ಕಾಯುವ ಅಜ್ಜಿಯೂ ಕತ್ತು ಚಾಚಿ ಕೇಳುತ್ತಿದ್ದಳು.

ಬೆಕ್ಕಿನ ಹೆಸರೇನು ಅಂತ ಕನ್ನಡಕದ ಹುಡುಗಿ ಕೇಳಿದಳು. ಅದು ಶತಮಾನಗಳ ಹಿಂದೆಯೇ ಅಳಿಸಿಹೋಗಿದೆ ಅಂತ ಶತಮಾನ ಸಾರ್ ಶುರು ಮಾಡಿದರು. ಅಷ್ಟರಲ್ಲಿ ನನ್ನ ಬಾಯಿಂದ ಹೆಸರು ಬಿದ್ದಾಗಿತ್ತು. ಮತ್ತೆ ನಗು. ನಗದೆ ಇದ್ದವಳು ಅಜ್ಜಿ ಒಬ್ಬಳೇ. ಅವಳ ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು.

ಬ್ಯಾಡ್ಜ್ ಸಿಕ್ಕಿತು, ಅಮ್ಮ! ಪಿನ್ನು ತುಕ್ಕು ಹಿಡಿದಿದೆ, ಅಂಗಿಗೆ ಕಂದು ಕಲೆ ಮಾಡಿದೆ, ಆದರೂ ತೆಗೆಯುವುದಿಲ್ಲ. ಕಾರ್ಯದರ್ಶಿಗಳು ಇನ್ನು ಮುಂದೆ ಎಲ್ಲ ಗೈಡುಗಳೂ ಹೀಗೇ ಮಾಡಲಿ, ಇತಿಹಾಸ ನಿಂತು, ಕಥೆ ಕೂತು ಅಂದರು. ಈ ವಯಸ್ಸಿನಲ್ಲಿ ನನ್ನನ್ನು ಎದ್ದು ಕೂತು ಮಾಡಿಸ್ತಿದ್ದೀಯಲ್ಲೇ ಅಂತ ಶತಮಾನ ಸಾರ್ ಗೊಣಗಿದರು. ಇವತ್ತು ಬೆಳಿಗ್ಗೆ ನೋಡಿದರೆ ದೇವಿಯ ಗುಡಿಯ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಾರೆ. ಎಬ್ಬಿಸಲು ನನ್ನನ್ನೇ ಕೂಗಿದರು. ಎಬ್ಬಿಸಿದೆ. ಅವರ ಕಥೆಗಳೇನೂ ಕೆಟ್ಟವಲ್ಲ, ನಿಂತು ಹೇಳಿದ್ದು ಮಾತ್ರ ತಪ್ಪು.

ಬೆಂಚನ್ನು ಯಾರಿಗಾದರೂ ಕೊಟ್ಟುಬಿಡಲು ಹೇಳು.

ಬ್ಯಾಡ್ಜು ಹಾಕಿಕೊಂಡೇ ಈ ಕಾಗದ ಬರೆದ,
ನಿನ್ನ ಗೊರಕಮ್ಮ

ತಾ.ಕ.: ಆ ಬೆಕ್ಕಿನ ಹೆಸರು ಈಗ ನಿನಗೆ ಗೊತ್ತಾಯಿತಲ್ಲ, ನೀನು ನನ್ನನ್ನು ಕರೆಯುವುದೇ, ಮೇಲಿನ ಸಹಿಯಲ್ಲಿ ಇರುವುದೇ. ಅಲ್ಲ, ನಿನಗೆ ಮೊದಲೇ ಗೊತ್ತಿತ್ತು. ಆ ಹೆಸರು ಗೊತ್ತಿದ್ದದ್ದು ತನ್ನನ್ನು ಬಿಟ್ಟರೆ ಇನ್ನೊಬ್ಬಳಿಗೇ ಅಂತ ಚಪ್ಪಲಿ ಅಜ್ಜಿ ಹೇಳಿದಳು. ಹಿಂದೆ ಇಲ್ಲಿದ್ದ ಕಾವಲುಗಾರನ ಮಗಳಂತೆ, ಎರಡು ಜಡೆ, ಮೂಗು ನನ್ನದೇ. ಆ ಮೆಟ್ಟಿಲಲ್ಲಿ ಕೂತು, ಬಂದವರಿಗೆಲ್ಲ ಬೆಕ್ಕಿನ ಕಥೆ ಕಟ್ಟಿ ಹೇಳುತ್ತಿದ್ದಳಂತೆ. ಹೆಸರನ್ನು ಅಜ್ಜಿಗೆ ಮಾತ್ರ ಗುಟ್ಟಾಗಿ ಹೇಳಿದ್ದಳಂತೆ. ಒಂದು ದಿನ ಅಪ್ಪನ ಕೈಗೆ ಸಿಕ್ಕಿಬಿದ್ದು, ಇನ್ನು ಜನ್ಮದಲ್ಲಿ ಸುಳ್ಳು ಹೇಳಲ್ಲ ಅಂತ ಕಿವಿ ಹಿಡಿದುಕೊಂಡಳಂತೆ. ತಾತ ಕಾವಲುಗಾರರು ಅಂತ ಹೇಳಿದ್ದೆ, ಏನನ್ನು ಕಾಯುತ್ತಿದ್ದರು ಅಂತ ಹೇಳಲೇ ಇಲ್ಲ ನೀನು. ಆ ಆಣೆಯ ಫಲ ಇಷ್ಟು ವರ್ಷ ಅನುಭವಿಸಿದವಳು ನಾನು! ಕಥೆ ನಿನ್ನದು ಅಂತ ಶತಮಾನ ಸಾರ್‌ಗೆ ಇನ್ನೂ ಗೊತ್ತಿಲ್ಲ, ಅವರು ಕೇಳಿಲ್ಲ. ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ ಅಂತ ನಿನಗೇ ಗೊತ್ತು. ಅದಕ್ಕೆ ಅವರು ಕೇಳುವ ಮೊದಲೇ ಬಾ. ಮೆಟ್ಟಿಲಲ್ಲಿ ಕೂತೇ ಹೇಳು, ಕೂತು ಹೇಳಿದರೆ ಯಾವ ಆಣೆಯೂ ಮುರಿಯುವುದಿಲ್ಲ.