ಸರಾಸರಿಯ ಮೇಲೆ ನೆಟ್ಟ ಕಲ್ಲು

ಮಾನ್ಯ ಪಾರಂಪರಿಕ ಫಲಕಗಳ ಉಸ್ತುವಾರಿ ಅಧಿಕಾರಿಗಳೇ,

ಕಳೆದ ದಸರಾಕ್ಕೆ ಮುಂಚೆ ನಮ್ಮ ಛತ್ರದ ಬೀದಿಯಲ್ಲಿ ತಾವು ನೆಡಿಸಿದ ಕಲ್ಲು ತಪ್ಪು ಜಾಗದಲ್ಲಿದೆ. ಅದನ್ನು ಕೀಳಿಸಿ. ವಿಷಯ ಇಷ್ಟೇ. ಆದರೆ ಇಷ್ಟೇ ಬರೆದ ಅರ್ಜಿಗಳನ್ನು ತಮ್ಮ ಕಚೇರಿ ಹೇಗೆ ಜೀರ್ಣಿಸಿಕೊಳ್ಳುತ್ತದೆಂದು ಬಲ್ಲೆನಾದ್ದರಿಂದ, ಈ ಸಲ ಊರವರೆಲ್ಲ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಕಲ್ಲಿನ ಮೇಲೆ ಕೆತ್ತಿಸಿದ್ದೀರಿ: "ಛತ್ರ ಮತ್ತು ಚಾಮುಂಡಿ ಬೆಟ್ಟದ ಹಳೆಯ ಛಾಯಾಚಿತ್ರವನ್ನು ಈ ಸ್ಥಳದಿಂದ ತೆಗೆಯಲಾಯಿತು. ಇಲ್ಲಿ ನಿಂತು ಅಂದಿನ ನೋಟವನ್ನು ಸವಿಯಿರಿ." ಪಕ್ಕದಲ್ಲಿ ಗಾಜಿನೊಳಗೆ ಆ ಚಿತ್ರವೂ ಇದೆ. ಪ್ರವಾಸಿಗಳು ಬಂದು ಕಲ್ಲಿನ ಬಳಿ ನಿಲ್ಲುತ್ತಾರೆ, ಚಿತ್ರ ನೋಡುತ್ತಾರೆ, ತಲೆಯೆತ್ತುತ್ತಾರೆ. ಎದುರಿಗೆ ಛತ್ರದ ಗೋಡೆ. ಗೋಡೆಯ ಮೇಲೆ ಯಾವುದೋ ಟ್ಯುಟೋರಿಯಲ್‌ನ ಭಿತ್ತಿಪತ್ರ, 'ಫೇಲಾದವರಿಗೆ ಸುವರ್ಣಾವಕಾಶ'. ಬೆಟ್ಟ ಎಲ್ಲಿ? ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಕಾಣದ ಜಾಗ ಹುಡುಕುವುದು ಕಷ್ಟ. ತಾವು ಹುಡುಕಿದ್ದೀರಿ, ಕಲ್ಲು ಹಾಕಿ ಗುರುತಿಸಿಯೂ ಇದ್ದೀರಿ. ಅಭಿನಂದನೆಗಳು.

ಆ ಜಾಗ ತಮಗೆ ಸಿಕ್ಕಿದ್ದು ಹೇಗೆಂದು ಓದುಗರಿಗೆ ಹೇಳಬೇಕು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಮದುವೆಯೆಂಬ ಐತಿಹಾಸಿಕ ಘಟನೆ ನನ್ನ ಕಾಲಮಾನದಲ್ಲಿ ಜರುಗಲಿಲ್ಲ. ವಾರದ ದಿನಗಳಲ್ಲಿ ನನ್ನನ್ನು ಕೂಗಿ ಕರೆಯುವವನು ಹಾಲಿನವನೊಬ್ಬನೇ. ಅವನೂ "ಅರ್ಧ ಲೀಟರ್" ಎಂದೇ ಕರೆಯುವುದು. ಭಾನುವಾರ ಮಾತ್ರ ಬೇರೆ. ಸರ್ವೆ ಇಲಾಖೆಯಲ್ಲಿ ಜೀವಮಾನವೆಲ್ಲ ಸರಪಳಿ ಎಳೆಸಿದ ಸದಾಶಿವಯ್ಯನವರು ವಿಜಯನಗರದಿಂದ ಬರುತ್ತಿದ್ದರು. ಊರಿನ ಹಳೆಯ ಚಿತ್ರಗಳನ್ನು ಹಿಡಿದು, ತೆಗೆದವನು ಕ್ಯಾಮರಾ ಇಟ್ಟದ್ದು ಎಲ್ಲಿ ಎಂದು ಹುಡುಕುವುದು ನಮ್ಮ ಹವ್ಯಾಸ.

ವಿಧಾನ ಸರಳ. ಹತ್ತಿರದ ಯಾವುದು ದೂರದ ಯಾವುದಕ್ಕೆ ಅಡ್ಡ ಬಂದಿದೆ, ಅದನ್ನು ನೋಡಬೇಕು. ಛತ್ರದ ಚಿತ್ರದಲ್ಲಿ ಬೀದಿದೀಪದ ಕಂಬವೊಂದು ಛತ್ರದ ಬಾಗಿಲಿನ ಎಡಗಂಬವನ್ನು ಮರೆಮಾಡಿದೆ. ದೀಪ ಹೋಗಿದೆ, ಕಂಬದ ಬುಡ ಉಳಿದಿದೆ. ಒಬ್ಬರು ಅಲ್ಲಿ ಕೋಲು ಹಿಡಿದು ನಿಲ್ಲಬೇಕು. ಇನ್ನೊಬ್ಬರು ಹಿಂದೆ ಸರಿಯುತ್ತ, ಎಡಗಂಬ ಕೋಲಿನ ಹಿಂದೆ ಅಡಗುವ ಗೆರೆ ಹಿಡಿಯಬೇಕು. ಕ್ಯಾಮರಾ ಇದ್ದದ್ದು ಆ ಗೆರೆಯ ಮೇಲೆ. ಅಲ್ಲಿಯವರೆಗೆ ನಮ್ಮಿಬ್ಬರದು ಒಂದೇ ಮಾತು. ಆಮೇಲಿನದು ಜಗಳ. ಚಿತ್ರದಲ್ಲಿ ಛತ್ರದ ಕಳಶದ ತುದಿ ಬೆಟ್ಟದ ನೆತ್ತಿಗೆ ಸರಿಯಾಗಿ ತಾಗಿದೆ. ಹಾಗೆ ಕಾಣಬೇಕಾದರೆ ಬೀದಿಯ ಕೊನೆಯ ನಲ್ಲಿಯ ತನಕ ಹಿಂದೆ ಸರಿದು ನೆಲದ ಮೇಲೆ ನಿಲ್ಲಬೇಕು. ಇಲ್ಲವೇ ಅದಕ್ಕಿಂತ ಮುಂದೆ, ಬೀದಿಗೆ ಚಾಚಿಕೊಂಡ ಹಳೆಯ ಮಹಡಿಯನ್ನು ಹತ್ತಬೇಕು. ನಾನು ನಲ್ಲಿಯ ಪಕ್ಷ, ಅವರು ಮಹಡಿಯ ಪಕ್ಷ.

"ಚಿತ್ರದಲ್ಲಿ ಬೀದಿ ನಡುವೆ ನಿಂತಿರೋ ಪೇಟದವನ ನೆತ್ತಿ ಕಾಣ್ತದಲ್ರೀ. ಮೇಲಿಂದ ತೆಗೆದದ್ದು ಕಣ್ರೀ."

"ಅವನು ಬಗ್ಗಿದಾನೆ, ಸದಾಶಿವಯ್ಯನೋರೇ. ಚಪ್ಪಲಿ ಸರಿ ಮಾಡ್ಕೋತಾ ಇದಾನೆ."

"ಚಪ್ಪಲಿ ತೋರ್ಸಿ ಮತ್ತೆ."

ಚಿತ್ರದ ಕೆಳಭಾಗವನ್ನು ಗೆದ್ದಲು ತಿಂದಿದೆ ಎಂದು ತಿಳಿದೇ ಹೀಗೆ ಕೇಳುತ್ತಿದ್ದರು. "ಮೇಷ್ಟ್ರೇ, ನಿಮಗೆ ಕೋನ ಗೊತ್ತಿಲ್ಲ, ಕೋಣ ಮಾತ್ರ ಗೊತ್ತು" ಎನ್ನುತ್ತಿದ್ದರು. "ವಾರವಾರ ಎದುರಿಗೇ ಬಂದು ನಿಲ್ತದಲ್ಲ" ಎನ್ನುತ್ತಿದ್ದೆ. ವರ್ಷಗಟ್ಟಲೆ ಹೀಗೆ ನಡೆಯಿತು. ಆ ಪೇಟದವನು, ಪಾಪ, ನಮ್ಮಿಂದಾಗಿ ಎಷ್ಟು ಸಲ ಬಗ್ಗಿದನೋ, ಎಷ್ಟು ಸಲ ನೆಟ್ಟಗಾದನೋ.

ಇಷ್ಟರಲ್ಲಿ ತಾವು ಸಾರ್ವಜನಿಕರ ಅಭಿಪ್ರಾಯ ಕೇಳಿದಿರಿ. ಇಬ್ಬರೂ ಅರ್ಜಿ ಹಾಕಿದೆವು. ಎರಡು ಅರ್ಜಿ, ಎರಡು ಜಾಗ. ತಾವೇನು ಮಾಡಿದಿರಿ? ಟೇಪು ಹಿಡಿಸಿ, ನಡುವಿನ ದೂರ ಅಳೆದು, ಅದರ ಅರ್ಧಕ್ಕೆ ಕಲ್ಲು ನೆಡಿಸಿದಿರಿ. ಆಸ್ತಿ ಪಾಲಿನಲ್ಲಿ ಇದು ನ್ಯಾಯವಿರಬಹುದು. ಆದರೆ ಮಹಡಿಗೂ ನೆಲಕ್ಕೂ ಸರಾಸರಿ ತೆಗೆದರೆ ಛಾಯಾಗ್ರಾಹಕ ಮುಕ್ಕಾಲಿಯ ಸಮೇತ ಗಾಳಿಯಲ್ಲಿ ತೇಲುತ್ತಿರಬೇಕಾಗುತ್ತದೆ. ಕಲ್ಲನ್ನೂ ಅಲ್ಲಿಯೇ ತೇಲಿಸಿದ್ದರೆ ನನ್ನ ಆಕ್ಷೇಪಣೆಯಿರಲಿಲ್ಲ. ನೆಲಕ್ಕಿಳಿಸಿದಿರಿ, ಕಳಶ ಮೇಲೇರಿತು, ಛತ್ರ ಬೆಟ್ಟವನ್ನು ನುಂಗಿತು.

ಅದೂ ಹೋಗಲಿ. ತಮ್ಮ ಆದೇಶದಲ್ಲಿ 'ಉಭಯ ಅರ್ಜಿದಾರರ ಒಪ್ಪಿಗೆಯ ಮೇರೆಗೆ' ಎಂದು ಬರೆಸಿದ್ದೀರಿ. ನನ್ನನ್ನು ಕೇಳಿದವರು ಯಾರು? ಸದಾಶಿವಯ್ಯನವರನ್ನೂ ಯಾರೂ ಕೇಳಿರಲಿಲ್ಲ. ಸ್ವತಃ ಅವರು ಒಪ್ಪಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಹಾಗಾದರೆ ಒಪ್ಪಿದವನು ನಾನೇ ಇರಬೇಕೆಂದು ತೀರ್ಮಾನಿಸಿ ಫೋನ್ ಮಾಡಿದರು.

"ನನ್ನ ಬಿಟ್ಟು ಒಳಗೊಳಗೇ ರಾಜಿ ಮಾಡ್ಕೊಂಡ್ಬುಟ್ರಾ ಮೇಷ್ಟ್ರೇ?"

"ಇಲ್ಲ ಕಣ್ರೀ, ನನ್ನ ಯಾರೂ ಕೇಳಲೇ ಇಲ್ಲ."

"ಸೀಲ್ ಬಿದ್ದದೆ. ಸುಮ್ನೆ ಸೀಲ್ ಹಾಕ್ತಾರಾ? ನೀವು ತಪ್ಪು ಅಂತ ಗೊತ್ತಿತ್ತು. ಸಡಿಲ ಅಂತ ಗೊತ್ತಿರ್ಲಿಲ್ಲ."

ಸರ್ವಿಸ್ಸೆಲ್ಲ ಸೀಲು ಹಾಕಿದವರಿಗೆ, ಸೀಲು ಸುಮ್ಮನೆಯೂ ಬೀಳುತ್ತದೆಂದು ಯಾವ ಬಾಯಿಂದ ಹೇಳಲಿ? ಮುಂದಿನ ಭಾನುವಾರ ಅವರು ಬರಲಿಲ್ಲ. ನಾನೇ ವಿಜಯನಗರಕ್ಕೆ ಹೋದೆ. ಅವರ ಮನೆಯವರು ನೀಲಮ್ಮನವರು ಬಾಗಿಲು ತೆರೆದರು. "ಮನೇಲಿಲ್ಲ ಅಂತ ಹೇಳು ಅಂದವ್ರೆ. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡ್ ಹೋಗಿ." ಮನೆಯಲ್ಲಿಲ್ಲದವರು ಒಳಗಿನ ಕೋಣೆಯಲ್ಲಿ ಕೆಮ್ಮಿದರು.

"ಕೆಮ್ಮು ಜೋರಾಗಿದೆಯಲ್ಲ ನೀಲಮ್ಮನೋರೇ" ಎಂದೆ.

"ಅವರಿಲ್ದಾಗ ಹಂಗೇ ಜಾಸ್ತಿ" ಎಂದರು.

ಈಗಲೂ ಭಾನುವಾರ ಬೆಳಿಗ್ಗೆ ಛತ್ರದ ಬೀದಿಗೆ ಹೋಗುತ್ತೇನೆ. ಕೋಲು ಹಿಡಿಯುವವರಿಲ್ಲವಾಗಿ ಕಂಬದ ಬುಡದಲ್ಲಿ ನನ್ನ ಕೊಡೆಯನ್ನು ಸಿಕ್ಕಿಸಿ ಹಿಂದೆ ಸರಿಯುತ್ತೇನೆ. ಎಡಗಂಬ ಅಡಗುತ್ತದೆ. ನಲ್ಲಿಯ ಪಕ್ಕ ನಿಂತರೆ ಕಳಶ ಬೆಟ್ಟಕ್ಕೆ ತಾಗುತ್ತದೆ. ನಾನೇ ಸರಿ, ಕೊಡೆ ಇಲ್ಲವೆನ್ನುವುದಿಲ್ಲ. ನೀರಿಗೆ ಬಂದ ಹೆಂಗಸರು ನಿಮ್ಮ ಕೊಡ ಎಲ್ಲಿ ಎನ್ನುತ್ತಾರೆ. ಕೊಡೆ ಅಲ್ಲಿದೆ ಎಂದು ತೋರಿಸುತ್ತೇನೆ. ಅವರು ನಗುತ್ತಾರೆ, ಕೊಡ ತುಂಬುತ್ತದೆ, ಹೋಗುತ್ತಾರೆ. ಕಳೆದ ವಾರ ಅಲ್ಲಿಯೇ ಚಿತ್ರ ಹಿಡಿದು ಬಹಳ ಹೊತ್ತು ನೋಡಿದೆ. ಪೇಟದವನು ನೆಟ್ಟಗೇ ನಿಂತಿರಬಹುದು ಅನ್ನಿಸಿತು. ಇದನ್ನು ಕೇಳಿದ್ದರೆ ಸದಾಶಿವಯ್ಯನವರ ಮುಖ ಹೇಗಾಗುತ್ತಿತ್ತೆಂದು ನನಗೆ ಗೊತ್ತು. ಹೇಳಲು ಅವರಿರಲಿಲ್ಲ.

ಆದ್ದರಿಂದ, ಮಾನ್ಯರೇ, ಆ ಆದೇಶವನ್ನು ರದ್ದು ಮಾಡಿ. ಒಪ್ಪಿಗೆ ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ಕಿತ್ತ ಕಲ್ಲನ್ನು ಬೇರೆಲ್ಲೂ ನೆಡಬೇಡಿ, ನಲ್ಲಿಯ ಬಳಿಯೂ ಬೇಡ. ಬದಲಿಗೆ ಸ್ಥಳ ಮಹಜರಿಗೆ ನೋಟಿಸು ಹೊರಡಿಸಿ: ಮುಂದಿನ ಭಾನುವಾರ ಬೆಳಿಗ್ಗೆ ಉಭಯ ಅರ್ಜಿದಾರರೂ ಛತ್ರದ ಮುಂದೆ ಖುದ್ದಾಗಿ ಹಾಜರಿರತಕ್ಕದ್ದು. ನನ್ನ ಕಾಗದಗಳನ್ನು ಸದಾಶಿವಯ್ಯನವರು ಒಡೆಯದೆ ವಾಪಸು ಕಳಿಸುತ್ತಾರೆ. ಸರ್ಕಾರಿ ನೋಟಿಸಿಗೆ ಮಾತ್ರ ಅವರು ಎಂದೂ ಗೈರುಹಾಜರಾದವರಲ್ಲ.

ತಮ್ಮ ಕಡೆಯಿಂದ ಯಾರೂ ಬರಬೇಕಾಗಿಲ್ಲ. ಅಧಿಕಾರಿಗಳು ಬಾರದ ಕಾರಣ ಮಹಜರನ್ನು ಅದರ ಮುಂದಿನ ಭಾನುವಾರಕ್ಕೆ ಮುಂದೂಡಿ. ಆಮೇಲೆ ಅದರ ಮುಂದಿನದಕ್ಕೆ. ಯಾವ ಕಡತವನ್ನೂ ಬೇಗ ಮುಗಿಸದ ಕಚೇರಿ ನಮ್ಮದೊಂದನ್ನು ಮಾತ್ರ ಅವಸರದಲ್ಲಿ ಮುಗಿಸಿತಲ್ಲ, ನನ್ನ ದೂರು ಅದೇ.

ಇಂತಿ,
ಎಲ್ಲ ಭಾನುವಾರಗಳೂ ಬಿಡುವಿರುವ,
ನಲ್ಲಿಯ ಪಕ್ಷದ ಅರ್ಜಿದಾರ
ಶಾಮಣ್ಣ
ಮೈಸೂರು, ಫೆಬ್ರವರಿ ೨೦೦೪